ಹತ್ತಿ ತುಂಬಿದ ಕುಲಾವಿಗಳು

ಆ ಬೇಸಿಗೆಯಲ್ಲಿ ಓಡಿದಷ್ಟು ತೈಸಿಯಾಳ ಹೊಲಿಗೆಯಂತ್ರ ಹಿಂದೆ ಎಂದೂ ಓಡಿರಲಿಲ್ಲ. ಕಾಲಲ್ಲಿ ತುಳಿಯುವ ಹಳೆಯ ಯಂತ್ರ. ಗಂಡ ಪ್ರೊಖೋರ್ ಬದುಕಿದ್ದಾಗ ಗಣಿಯವರು ಬಹುಮಾನವೆಂದು ಕೊಟ್ಟದ್ದು. ಚರ್ಮದ ಪಟ್ಟಿ ಎರಡು ಸಲ ಬದಲಾಗಿತ್ತು, ಉಳಿದದ್ದೆಲ್ಲ ಹಾಗೇ ಇತ್ತು.

ಶುರುವಾದದ್ದು ಜೂನ್ ತಿಂಗಳಲ್ಲಿ. ಮಗ ರೊದಿಯೋನ್ ಪಾಳಿ ಮುಗಿಸಿ ಬಂದ. ಗಣಿಯ ಸ್ನಾನದಮನೆಯಲ್ಲಿ ಎಷ್ಟು ತಿಕ್ಕಿದರೂ ರೆಪ್ಪೆಯ ಅಂಚಿನ ಕಪ್ಪು ಹೋಗುವುದಿಲ್ಲ. ಅಲ್ಲಿಯ ಗಂಡಸರೆಲ್ಲ ಕಾಡಿಗೆ ಹಚ್ಚಿಕೊಂಡವರ ಹಾಗೆಯೇ ಕಾಣುತ್ತಾರೆ. ಊಟದ ಡಬ್ಬಿಯಲ್ಲಿ ಉಳಿದ ರೊಟ್ಟಿಯ ತುಂಡನ್ನು ಮಗಳು ಉಲ್ಯಾಳ ಕೈಗೆ ಕೊಟ್ಟು, “ತಗೋ, ದಾರೀಲಿ ಮೊಲ ಸಿಕ್ಕಿತ್ತು, ನಿನಗೆ ಅಂತ ಕೊಡ್ತು” ಎಂದ. ಆಮೇಲೆ ಬಗಲಲ್ಲಿದ್ದ ಹಳೆಯ, ಹತ್ತಿ ತುಂಬಿದ ದಪ್ಪ ಅಂಗಿಯನ್ನು ತಾಯಿಯ ಮುಂದೆ ಹಾಕಿದ.

“ಅಮ್ಮ, ಇದರಲ್ಲೊಂದು ಕುಲಾವಿ ಹೊಲಿದುಕೊಡು. ಟೀ ಕೆಟಲಿ ಬಿಸಿ ಆರದೆ ಇರಲಿ ಅಂತ ಮುಚ್ತೀಯಲ್ಲ, ಅಂಥದ್ದು. ಅದಕ್ಕಿಂತ ಚಿಕ್ಕದು. ಕೆಳಗಡೆ ದಾರ ಎಳೆದು ಕಟ್ಟೋ ಹಾಗಿರಲಿ.”

“ಯಾರ ತಲೆಗಪ್ಪ?”

“ತಲೆಗಲ್ಲ. ಯಂತ್ರದ್ದೊಂದು ಪೆಟ್ಟಿಗೆ ಇದೆ. ನೀರು ತೊಟ್ಟಿಕ್ಕಿ ಒದ್ದೆ ಆಗುತ್ತೆ.”

ತೈಸಿಯಾ ಮುಂದೆ ಕೇಳಲಿಲ್ಲ. ಕೆಳಗಿನ ವಿಷಯ ಮೇಲೆ ಕೇಳಬಾರದು ಎಂಬುದು ಆ ಊರಿನ ಹೆಂಗಸರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಕೇಳಿದರೆ ನಿದ್ದೆ ಬರುವುದಿಲ್ಲ. ಅವಳೇನೂ ಗಣಿ ಕಾಣದವಳಲ್ಲ. ಗಣಿಯ ದೀಪದ ಕೋಣೆಯಲ್ಲಿ ಕೂತು, ಇಳಿಯುವವರಿಗೆ ದೀಪ ಕೊಟ್ಟು, ಹತ್ತಿ ಬಂದವರಿಂದ ವಾಪಸು ಪಡೆಯುತ್ತ ತಲೆ ಬೆಳ್ಳಗೆ ಮಾಡಿಕೊಂಡವಳು. ಆದರೆ ಆ ಕೋಣೆ ಮೇಲಿತ್ತು. ಕೆಳಗೆ ಅವಳು ಇಳಿದವಳಲ್ಲ.

ಒಂದು ಹೊಲಿದಳು. ಚೆನ್ನಾಗಿ ಬಂತು. ವಾರದಲ್ಲಿ ಇನ್ನೂ ಬೇಕೆಂದರು. ರೊದಿಯೋನನ ಜೊತೆಗಾರ ತಿಖೋನ್ ಎರಡು ಒಯ್ದು, ಹೊಗೆಯಲ್ಲಿ ಬೇಯಿಸಿದ ಮೀನು ತಂದುಕೊಟ್ಟ. ಬೇರೆ ಪಾಳಿಯವರೂ ಬಂದರು. ಯಾರದೋ ಮನೆಯಿಂದ ಜೇನು, ಯಾರದೋ ಮನೆಯಿಂದ ಮೊಟ್ಟೆ. “ತೈಸಿಯಾಳ ಹೊಲಿಗೆ ಅಂದರೆ ಒಂದು ಕಡೇನೂ ಬಿಚ್ಚಲ್ಲ” ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ಹೊಗಳಿದಾಗ ಮುದುಕಿಗೆ ಹಿಗ್ಗೇ ಆಯಿತು. ವಯಸ್ಸಾದ ಮೇಲೆ ತನ್ನಿಂದ ಒಂದು ಕೆಲಸ ಆಗುತ್ತದೆ ಎಂದರೆ ಯಾರಿಗೆ ಬೇಡ?

ಜುಲೈ ನಡುವೆ ಗಣಿಯ ಗೋದಾಮಿನಿಂದಲೇ ಬಟ್ಟೆ ಬಂತು. ಹೊಸ ಬೂದು ಬಟ್ಟೆ, ಒಂದು ಚೀಲ ಹತ್ತಿ.

“ಇದೇನೋ ರೊದ್ಯಾ? ಎರಡು ಚಳಿಗಾಲ ಆಯ್ತು, ನಿಮಗೆ ಹೊಸ ಅಂಗಿ ಕೊಡೋಕೆ ಬಟ್ಟೆ ಇಲ್ಲ ಅಂದ್ರು. ಕುಲಾವಿಗೆ ಎಲ್ಲಿಂದ ಬಂತು?” ತೈಸಿಯಾ ಮಗನನ್ನು ಕೇಳಿದಳು.

“ಕೊಟ್ಟಿದ್ದನ್ನ ಹೊಲಿ ಅಮ್ಮ. ಮಿಕ್ಕಿದ್ದರಲ್ಲಿ ಉಲ್ಯಾಗೆ ಒಂದು ಅಂಗಿ ಮಾಡು.”

ಸೊಸೆ ಲೀಲ್ಯಾ ಒಲೆಯ ಬಳಿ ನಿಂತು ಎಲೆಕೋಸು ಹೆಚ್ಚುತ್ತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಅವಳಿಗೆ ಕೆಲಸ. ದಿನವಿಡೀ ಬೇರೆ ಮಕ್ಕಳಿಗೆ ಬೇಯಿಸಿ, ಮನೆಗೆ ಬಂದು ಮತ್ತೆ ಬೇಯಿಸುವವಳು. “ಅವಳಿಗೆ ಆ ದಪ್ಪ ಅಂಗಿ ಬೇಡ,” ಎಂದಳು. “ಚಳಿ ಬಲಿಯೋ ಹೊತ್ತಿಗೆ ಅವಳು ಇಲ್ಲಿರಲ್ಲ.”

ಇದೇ ಆ ಮನೆಯ ಮಾತು, ಎರಡು ವರ್ಷದಿಂದ. ಹುಡುಗಿ ಉಲ್ಯಾಗೆ ಆರು ವರ್ಷ. ಹಿಮ ಬೀಳಲು ಶುರುವಾದರೆ ಕೆಮ್ಮು ಶುರು. ಹಿಮ ಬಿದ್ದ ಮರುದಿನವೇ ಕಪ್ಪಾಗುವ ಊರು ಅದು. ಕಿಟಕಿಯ ಕಟ್ಟೆಯನ್ನು ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದು. ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು: “ಔಷಧಿ ನಾನು ಬರೀತೀನಿ, ಗಾಳಿ ಎಲ್ಲಿಂದ ಬರೀಲಿ? ಕರಕೊಂಡು ಹೋಗಿ.” ಲೀಲ್ಯಾಳ ಅಕ್ಕ ದಕ್ಷಿಣದಲ್ಲಿ, ಕುಬಾನ್ ಕಡೆ ಇದ್ದಳು. ಅಲ್ಲಿ ಬೇಲಿಯ ಮೇಲೆ ಜರದಾಳು ಹಣ್ಣು ತೂಗುತ್ತದಂತೆ. ಪಕ್ಕದಲ್ಲೇ ಒಂದು ಪುಟ್ಟ ಮನೆ ಮಾರಾಟಕ್ಕಿತ್ತು. ರೊದಿಯೋನನಿಗೆ ಹೊಸ ವರ್ಷದ ತನಕ ಟನ್ನಿನ ಲೆಕ್ಕದ ಹಣ ಪೂರ್ತಿ ಬಂದರೆ ಆ ಮನೆ ಅವರದು.

ಟನ್ನಿನ ಲೆಕ್ಕವೆಂದರೆ ಇಷ್ಟೇ. ಗಣಿಯಲ್ಲಿ ಮನುಷ್ಯನಿಗೆ ಕೊಡುವ ಸಂಬಳ ಉಪ್ಪು ರೊಟ್ಟಿಗೆ ಸಾಕು. ಮಿಕ್ಕದ್ದೆಲ್ಲ ಮೇಲೆ ಬಂದ ಕಲ್ಲಿದ್ದಲನ್ನು ನೋಡಿ ಕೊಡುವುದು. ಕಲ್ಲಿದ್ದಲು ಮೇಲೆ ಬಂದರೆ ದುಡ್ಡು. ಮನುಷ್ಯ ಮೇಲೆ ಬಂದದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

*

ಕುಲಾವಿಯ ಗುಟ್ಟು ಹೊರಬಿದ್ದದ್ದು ತಿಖೋನನ ಬಾಯಿಂದ. ದಪ್ಪ ಮೀಸೆಯ, ನಗುಮೊಗದ, ಹೊಟ್ಟೆಬಾಕ ಮನುಷ್ಯ. ಭಾನುವಾರ ಹೊಲಿಗೆಯಂತ್ರದ ಪಕ್ಕದಲ್ಲೇ ಕೂತು, ತೈಸಿಯಾ ಕೊಟ್ಟ ಕಡುಬನ್ನು ಹುಳಿಕೆನೆಯಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದ.

“ಅತ್ತೇ, ಈ ಸಲ ಕೆಳಗಡೆ ಇನ್ನೂ ಬಿಗಿ ಇರಲಿ. ಎರಡು ಸುತ್ತು ದಾರ ಹಾಕು. ಸಂದಿಯಲ್ಲಿ ಗಾಳಿ ನುಗ್ಗುತ್ತೆ.”

“ನೀರಿಗಲ್ವಾ ಇದು? ಗಾಳಿ ನುಗ್ಗಿದ್ರೆ ಏನಂತೆ?”

“ನುಗ್ಗಿದ್ರೆ ಕಿರುಚುತ್ತಲ್ಲ! ಕಿರುಚಿ ಕರೆಂಟು ಕಿತ್ತು ಹಾಕುತ್ತೆ. ಅರ್ಧ ಗಂಟೆ ಕೈ ಕಟ್ಟಿ ಕೂತಿರಬೇಕು. ನಾವು ಅದಕ್ಕೆ ‘ಅತ್ತೆ’ ಅಂತಲೇ ಹೆಸರಿಟ್ಟಿದೀವಿ, ನೀನು ಬೇಜಾರು ಮಾಡ್ಕೋಬೇಡ. ಮಾತೆತ್ತಿದ್ರೆ ಕಿರುಚೋದು ಅದಕ್ಕೂ...”

ತೈಸಿಯಾಳ ಕಾಲು ನಿಂತಿತು. ಯಂತ್ರ ನಿಂತಿತು. ತಿಖೋನನ ಬಾಯಲ್ಲಿದ್ದ ಕಡುಬೂ ನಿಂತಿತು.

“ತಿಖೋನ್. ಇದು ಅನಿಲ ನೋಡೋ ಪೆಟ್ಟಿಗೆಗಾ?”

“ರೊದ್ಯಾ ಹೇಳಿಲ್ವಾ?” ಎಂದು ಕೇಳಿ ತಿಖೋನ್ ಬಾಗಿಲ ಕಡೆ ನೋಡಿದ.

“ನೀನು ಹೇಳು.”

“ಅಯ್ಯೋ, ಅದೇನು ದೊಡ್ಡ ವಿಷಯ ಅಲ್ಲ ಅತ್ತೆ. ಒಂಚೂರು ಅನಿಲ ಇದ್ದೇ ಇರುತ್ತೆ. ಆ ಪೆಟ್ಟಿಗೆಗೆ ಹೆದರಿಕೆ ಜಾಸ್ತಿ. ಮೇಲೊಂದು ಕುಲಾವಿ ಹಾಕಿದ್ರೆ ಸುಮ್ಮನಿರುತ್ತೆ. ಎಲ್ಲಾ ಗಣೀಲೂ...”

ಮುದುಕಿ ಎದ್ದಳು. ಅವನ ಮುಂದಿನ ತಟ್ಟೆ ಎತ್ತಿಕೊಂಡು ಒಳಗಿಟ್ಟಳು. ಅರ್ಧ ತಿಂದವನ ಎದುರಿಂದ ತಟ್ಟೆ ತೆಗೆಯುವುದು ಆ ಮನೆಯಲ್ಲಿ ಎಂದೂ ನಡೆದದ್ದಲ್ಲ. ತಿಖೋನ್ ಟೊಪ್ಪಿಗೆ ಹುಡುಕಿಕೊಂಡು ಹೊರಟುಹೋದ.

ಆ ಸಂಜೆ ಬೀಟ್‌ರೂಟ್ ಸೂಪು ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ.

“ನಿಮ್ಮಪ್ಪ ಹೆಂಗೆ ಸತ್ತ ರೊದ್ಯಾ?”

“ಗೊತ್ತಿರೋದನ್ನ ಯಾಕೆ ಕೇಳ್ತೀಯ?”

“ನಿನ್ನ ಬಾಯಲ್ಲಿ ಕೇಳ್ಬೇಕು.”

“ಅನಿಲ ಸಿಡೀತು.”

“ಪೆಟ್ಟಿಗೆ ಮೇಲೆ ಏನಿತ್ತು?”

ರೊದಿಯೋನ್ ಚಮಚ ಕೆಳಗಿಟ್ಟ. “ಅವರ ಅಂಗಿ ಇತ್ತು.”

“ಅಂಗಿ ಬಿಚ್ಚಿ ಹೊದಿಸಿದ್ರು. ಅವರಿಗೆ ಹೊಲಿದುಕೊಡೋಳು ಯಾರೂ ಇರ್ಲಿಲ್ಲ ನೋಡು, ಅಂಗಿ ಹೊದಿಸಿದ್ರು. ನಿನಗೆ ಹೊಲಿದುಕೊಡೋಕೆ ತಾಯಿ ಇದ್ದಾಳೆ! ದಾರ ಬಿಗಿ ಮಾಡಿ, ಅಂಚು ಮಡಿಸಿ! ಕೂತ್ಕೊಂಡು ಹಾಡು ಹೇಳ್ಕೊಂಡು ಹೊಲಿದೆನಲ್ಲೋ!”

“ನಾನು ಕಟ್ಟದಿದ್ರೆ ತಿಖೋನ್ ಕಟ್ತಾನೆ. ತಿಖೋನ್ ಕಟ್ಟದಿದ್ರೆ ಗೇಟಿನಾಚೆ ನಿಂತಿರೋನನ್ನ ಒಳಗೆ ಕರೀತಾರೆ. ಗಾಳಿಯಂತ್ರ ಹಳೇದು, ಈಗ ತೋಡ್ತಿರೋ ಆಳಕ್ಕೆ ಗಾಳಿ ಸಾಲಲ್ಲ. ಹೊಸದು ತರಿಸಿ ಅಂತ ಹೇಳಿ ಹೇಳಿ ಸಾಕಾಯ್ತು. ‘ಮುಂದಿನ ವರ್ಷ’ ಅಂತಾರೆ. ಪೆಟ್ಟಿಗೆ ಮಾತು ಕೇಳ್ತಾ ಕೂತ್ರೆ ಪಾಳಿಯಲ್ಲಿ ಅರ್ಧ ಹೊತ್ತು ಸುಮ್ಮನಿರ್ಬೇಕು. ಆಗ ತಿಂಗಳ ಕೊನೇಲಿ ಏನು ತರ್ಲಿ ಮನೆಗೆ?”

“ಜೀವ ತಗೊಂಡು ಬಾ.”

“ಜೀವ ತಂದು ಏನು ಮಾಡೋದು ಅತ್ತೆ?” ಲೀಲ್ಯಾ ತಿರುಗಿ ನಿಂತಳು. ಕೈಯಲ್ಲಿ ಒದ್ದೆ ಬಟ್ಟೆ. “ಇವಳ ಎದೆ ಕೇಳಿ, ಕಿವಿ ಇಟ್ಟು ಕೇಳಿ. ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರ್ ಅನ್ನುತ್ತೆ. ಇನ್ನು ಐದು ತಿಂಗಳು. ಐದೇ ತಿಂಗಳು ಆ ಹಾಳು ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿದ್ರೆ ನಾವು ಇಲ್ಲಿಂದ ಹೋಗ್ತೀವಿ. ಊರೆಲ್ಲ ಮುಚ್ಚಿದೆ. ನಾವೊಬ್ರು ಮುಚ್ಚದೆ ಇದ್ರೆ ಸ್ವರ್ಗಕ್ಕೆ ಏಣಿ ಹಾಕ್ತಾರಾ?”

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಇವನ ಡಬ್ಬಿಗೆ ದಿನಾ ರೊಟ್ಟಿ ಕಟ್ಟಿದ್ಯಾ?”

“ಕಟ್ಟಿದೆ! ದಿನಾ ಕಟ್ಟಿದೆ. ನೀವು ಕಟ್ಟಿರ್ಲಿಲ್ವಾ ಮಾವಂಗೆ?”

ಉಲ್ಯಾ ಮೇಜಿನ ಕೆಳಗೆ ಕೂತು ಬೆಕ್ಕಿನ ಕಿವಿ ಮುಚ್ಚಿ ಹಿಡಿದಿದ್ದಳು.

*

ಮರುದಿನದಿಂದ ಮನೆ ಎರಡಾಯಿತು. ತೈಸಿಯಾ ಹೊಲಿಯಲಾರೆ ಎಂದಳು. ಲೀಲ್ಯಾ ತಾನೇ ಯಂತ್ರದ ಮುಂದೆ ಕೂತಳು. ಮುದುಕಿ ಚರ್ಮದ ಪಟ್ಟಿ ಬಿಚ್ಚಿ ಆಲೂಗಡ್ಡೆಯ ಚೀಲದಲ್ಲಿ ಬಚ್ಚಿಟ್ಟಳು. ಲೀಲ್ಯಾ ಸೂಜಿ ದಾರ ಹಿಡಿದು ಕೈಯಲ್ಲೇ ಹೊಲಿದಳು. ವಕ್ರವಕ್ರ ಹೊಲಿಗೆ, ಬೆರಳು ತುಂಬ ಚುಚ್ಚಿದ ಗಾಯ.

“ನನ್ನ ಮೇಲಿನ ಸಿಟ್ಟಿಗೆ ಕಣ್ಣು ಹಾಳು ಮಾಡ್ಕೋಬೇಡ,” ಎಂದಳು ಮುದುಕಿ.

“ನೀವು ನಿಮ್ಮ ಆಲೂಗಡ್ಡೆ ನೋಡ್ಕೊಳ್ಳಿ. ಸಿಪ್ಪೆ ದಪ್ಪ ತೆಗೀತಿದೀರ.”

ತೈಸಿಯಾ ಸಿಪ್ಪೆ ತೆಗೆಯುತ್ತ ಕೂತಳು. ಯೋಚನೆ ಎಲ್ಲೆಲ್ಲೋ ಹೋಯಿತು. ಈ ಊರಿಗೆ ಮೊದಲು ಬಂದವರು ಯಾರೂ ತಾವಾಗಿ ಬಂದವರಲ್ಲ. ಅವಳ ತಾಯಿಯನ್ನು ವೋಲ್ಗಾ ದಡದ ಹಳ್ಳಿಯಿಂದ, ಮನೆಯಲ್ಲಿ ಎರಡು ಹಸು ಇದ್ದ ತಪ್ಪಿಗೆ, ಸರ್ಕಾರದವರು ಸಿರಿವಂತ ರೈತರೆಂದು ಹೆಸರಿಟ್ಟು ರೈಲಿನಲ್ಲಿ ತುಂಬಿ ತಂದು ಬರಿ ಬೆಟ್ಟದ ಬುಡದಲ್ಲಿ ಇಳಿಸಿದ್ದರು. ಗುಂಡಿ ತೋಡಿ, ಮೇಲೆ ಮಣ್ಣು ಮುಚ್ಚಿ, ಅದರೊಳಗೆ ಸಂಸಾರ ಮಾಡಿ, ಹಗಲೆಲ್ಲ ಇನ್ನೊಂದು ಗುಂಡಿ ತೋಡಿ ಕಲ್ಲಿದ್ದಲು ತೆಗೆದಳು ತಾಯಿ. ಆಮೇಲೆ ಒಂದು ಕಾಲ ಬಂತು. ಗಣಿಯವನೆಂದರೆ ಗೌರವ. ಅಂಗಡಿಯಲ್ಲಿ ಕಿತ್ತಳೆ, ಎದೆಯ ಮೇಲೆ ಪದಕ. ಅದೂ ಹೋಯಿತು. ಮೈ ತೊಳೆಯಲು ಸೋಪಿಲ್ಲವೆಂದು ಕಣಿವೆಯ ಗಣಿಗಾರರೆಲ್ಲ ಚೌಕದಲ್ಲಿ ಹೆಲ್ಮೆಟ್ಟು ಬಡಿಯುತ್ತ ಕೂತಾಗ ಅವಳೇ ಕೊಡದಲ್ಲಿ ಹಾಲು ಒಯ್ದು ಕೊಟ್ಟಿದ್ದಳು. ಸೋಪು ಬಂತು, ಸಂಬಳ ನಿಂತಿತು. ಒಂದು ಚಳಿಗಾಲವೆಲ್ಲ ಸಂಬಳದ ಬದಲು ಶಾವಿಗೆ ಪೊಟ್ಟಣ, ಅಲ್ಯೂಮಿನಿಯಂ ಬಾಣಲೆ. ಗಣಿಗಳು ಒಂದೊಂದಾಗಿ ಮುಚ್ಚಿದವು. ಉಳಿದದ್ದು ಏಳನೆಯ ನಂಬರಿನ ಈ ಗಣಿಯೊಂದೇ. ಅದನ್ನು ಯಾರೋ ಕೊಂಡರು. ಕೊಂಡವನ ಮುಖ ಊರಲ್ಲಿ ಯಾರೂ ನೋಡಿಲ್ಲ. ಕಲ್ಲಿದ್ದಲು ಹಳಿ ಹಿಡಿದು ಸಮುದ್ರದ ಕಡೆಗೆ ಹೋಗುತ್ತದೆ, ದುಡ್ಡು ಇನ್ನೊಂದು ಕಡೆಗೆ ಹೋಗುತ್ತದೆ, ಧೂಳು ಮಾತ್ರ ಊರು ಬಿಡುವುದಿಲ್ಲ. ಯಾವ ಕಾಲ ಬಂದರೂ ಗಂಡಸರು ಕೆಳಗೆ ಇಳಿದರು. ಸತ್ತರೆ ‘ಅಜಾಗರೂಕತೆ’ ಎಂದು ಬರೆದರು. ಪ್ರೊಖೋರ್ ಸತ್ತಾಗಲೂ ಅದೇ ಪದ. ಸತ್ತವನು ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ.

ಅವಳ ಕೈಯಲ್ಲಿದ್ದ ಆಲೂಗಡ್ಡೆ ಕಡಲೆಯಷ್ಟಾಗಿತ್ತು.

ಅದೇ ವಾರ ಅವಳು ಬುರ್ತಾಸೋವನನ್ನು ಹುಡುಕಿಕೊಂಡು ಹೋದಳು. ರೊದಿಯೋನ್ ಕೆಲಸ ಮಾಡುವ ವಿಭಾಗಕ್ಕೆ ಅವನೇ ಮುಖ್ಯಸ್ಥ. ಹೊಳೆಯಾಚೆ ಅವನ ಕೈತೋಟ. ಬನಿಯನ್ ತೊಟ್ಟು ಸೌತೆ ಬಳ್ಳಿಗೆ ನೀರು ಹಾಕುತ್ತಿದ್ದ. ಹುಡುಗನಾಗಿ ಗಣಿಗೆ ಸೇರಿದಾಗ ಅವನಿಗೆ ಮೊದಲ ದೀಪ ಕೊಟ್ಟವಳು ತೈಸಿಯಾ. ಆ ಸಲಿಗೆ ಇದೆ ಎಂದುಕೊಂಡೇ ಹೋಗಿದ್ದಳು.

“ಬನ್ನಿ ಬನ್ನಿ, ತೈಸಿಯಾ ಗವ್ರೀಲೊವ್ನಾ! ಸೌತೆಕಾಯಿ ತಿನ್ನಿ, ಎಳೆಯದು.”

“ತಿನ್ನೋಕೆ ಬಂದಿಲ್ಲಪ್ಪ. ಆ ಕುಲಾವಿಗಳನ್ನ ತೆಗೆಸು.”

“ಕುಲಾವಿ? ಎಂಥ ಕುಲಾವಿ?”

“ನಿಮ್ಮ ಗೋದಾಮಿಂದ ಬಟ್ಟೆ ಬಂತು. ಹತ್ತಿ ಬಂತು.”

“ಬಟ್ಟೆ ಕೊಟ್ಟಿದ್ದು ಕೈಗವಸಿಗೆ. ಹಾಗೇ ದಾಖಲೆ ಇದೆ.” ಬುರ್ತಾಸೋವ್ ನೀರಿನ ಡಬ್ಬಿ ಕೆಳಗಿಟ್ಟು ಕೈ ಒರೆಸಿಕೊಂಡ. ಮಾತು ಮೆತ್ತಗೇ ಇತ್ತು. “ನೋಡಿ, ನಾನು ಕೆಳಗೆ ಇಳಿದಾಗ ಯಾವ ಕುಲಾವೀನೂ ನೋಡಿಲ್ಲ. ನೋಡಿದ್ರೆ ಕಟ್ಟಿದವರನ್ನ ಆವತ್ತೇ ಮನೆಗೆ ಕಳಿಸ್ತೀನಿ. ಪೆಟ್ಟಿಗೆಗಳ ಜವಾಬ್ದಾರಿ ಎಲೆಕ್ಟ್ರಿಷಿಯನ್ನಿಂದು. ಅಂದ್ರೆ ನಿಮ್ಮ ಮಗಂದು. ನಾಳೆ ಏನಾದ್ರೂ ಆಯ್ತು ಅನ್ನಿ, ದೇವರು ಹಾಗೆ ಮಾಡದಿರಲಿ, ಯಾರ ಕೈ ಹೊಲಿಗೆ ಅಂತ ಕೇಳೇ ಕೇಳ್ತಾರೆ. ಊರಿಗೆಲ್ಲ ಗೊತ್ತು ಅದು ಯಾರ ಕೈ ಹೊಲಿಗೆ ಅಂತ.”

ತೈಸಿಯಾ ಬಳ್ಳಿ ದಾಟಿ ಅವನ ಎದುರಿಗೆ ಬಂದು ನಿಂತಳು.

“ನಿನಗೆ ಗೊತ್ತು,” ಎಂದಳು. “ಎಲ್ಲಾ ಗೊತ್ತು. ತಪ್ಪನ್ನ ನಮ್ಮ ಮನೇಲೇ ಹೊಲಿಸಿ ನಮ್ಮ ಕೊರಳಿಗೇ ಕಟ್ತಿದೀಯ.”

“ಒಂದೆರಡು ಸೌತೆಕಾಯಿ ಮೊಮ್ಮಗಳಿಗಾದ್ರೂ ಒಯ್ಯಿರಿ,” ಎಂದ ಬುರ್ತಾಸೋವ್.

ತೈಸಿಯಾ ಸೌತೆಕಾಯಿ ಮುಟ್ಟದೆ ಹೊರಟಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎಂಬ ಗಾದೆ ಕೇಳಿದ್ದಳು. ಇಲ್ಲಿ ಬೇಲಿ ಹೊಲ ಮೇಯ್ದು, ಮೇಯ್ದವನು ರೈತನೇ ಎನ್ನುತ್ತಿತ್ತು.

ಅಲ್ಲಿಂದ ಅವಳು ಮನೆಮನೆಗೆ ಹೋದಳು. ಯಾರ ಮನೆಗೆ ಎಷ್ಟು ಕೊಟ್ಟಿದ್ದಳೆಂದು ಅವಳಿಗೆ ನೆನಪಿತ್ತು. ವಾಪಸು ಕೊಡಿ ಎಂದಳು. ಒಬ್ಬಳು ಬಾಗಿಲು ತೆರೆಯಲಿಲ್ಲ. ಒಬ್ಬಳು ಅತ್ತಳು, ಆದರೆ ಕೊಡಲಿಲ್ಲ. ತಿಖೋನನ ಹೆಂಡತಿ ಕಪಿತೋಲಿನಾ ಸೊಂಟಕ್ಕೆ ಕೈಯಿಟ್ಟು ಅಂಗಳದಲ್ಲೇ ನಿಲ್ಲಿಸಿ ಮಾತಾಡಿದಳು.

“ಮೀನು ತಿನ್ನೋವಾಗ ಚೆನ್ನಾಗಿತ್ತಾ? ಈಗ ಧರ್ಮ ನೆನಪಾಯ್ತಾ? ನನ್ನ ಮಗಳ ಮದುವೆ ಅಕ್ಟೋಬರಿಗೆ. ಊಟಕ್ಕೆ ನೀನು ಹಾಕ್ತೀಯಾ?”

“ಮದುವೆಗೆ ಅಪ್ಪ ಬೇಡ್ವೇನೇ?”

“ಥೂ! ನಿನ್ನ ಬಾಯಿಗೆ ಹುಳ ಬೀಳ!” ಕಪಿತೋಲಿನಾ ಕೆಟ್ಟ ಮಾತು ತಟ್ಟದಿರಲೆಂದು ಎಡಹೆಗಲ ಮೇಲೆ ಮೂರು ಸಲ ಉಗುಳಿ ಬಾಗಿಲು ಹಾಕಿಕೊಂಡಳು.

*

ಆಗಸ್ಟಿನ ಕೊನೆಯ ಭಾನುವಾರ ಗಣಿಗಾರರ ಹಬ್ಬ. ಪ್ರತಿವರ್ಷವೂ ಊರಿನ ಸಭಾಭವನಕ್ಕೆ ಬಣ್ಣ ಬಳಿಯುತ್ತಾರೆ, ಎದುರಿನಿಂದ ಕಾಣುವ ಗೋಡೆಗೆ ಮಾತ್ರ. ಅಂಗಡಿಯಲ್ಲಿ ಒಳ್ಳೆಯ ಸಾಸೇಜು ಬರುತ್ತದೆ. ಗಂಡಸರು ಕಪ್ಪು ಕೋಟು ತೊಟ್ಟು ಬರುತ್ತಾರೆ, ಗಣಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರನ್ನು ವೇದಿಕೆಗೆ ಕರೆದು ಉಡುಗೊರೆ ಕೊಡುತ್ತಾರೆ. ಹಿಂದಿನ ವರ್ಷ ಕಂಬಳಿ. ಈ ವರ್ಷ ವಿದ್ಯುತ್ ಕೆಟಲಿಯಂತೆ.

“ಹೋಗ್ಬೇಡ ಅಮ್ಮ,” ಎಂದ ರೊದಿಯೋನ್. ಮೂರು ವಾರದಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು.

“ಯಾಕೆ? ಕೆಟಲಿ ಬೇಡ್ವಾ?”

“ನಿನ್ನ ಕೈಚೀಲದಲ್ಲಿ ಏನಿದೆ ಅಂತ ನನಗೆ ಗೊತ್ತು.”

“ಗೊತ್ತಿದ್ರೆ ಕಿತ್ಕೋ.”

ಅವನು ಕಿತ್ತುಕೊಳ್ಳಲಿಲ್ಲ. ಬಾಗಿಲ ಬಳಿ ನಿಂತವನು ಪಕ್ಕಕ್ಕೆ ಸರಿದ. ಯಾಕೆ ಸರಿದನೋ ಅವನನ್ನೇ ಕೇಳಬೇಕು. ಕೇಳಿದ್ದರೂ ಹೇಳುತ್ತಿರಲಿಲ್ಲ.

ಸಭಾಭವನ ತುಂಬಿತ್ತು. ರೊದಿಯೋನನೂ ಬಂದು ಗಣಿಗಾರರ ನಡುವೆ ಕೂತಿದ್ದ. ಗಣಿಯ ನಿರ್ದೇಶಕ ಗೆರ್ಮಾನ್ ಲ್ವೋವಿಚ್ ಮೈಕಿನ ಮುಂದೆ ನಿಂತು, ಊರಿನ ವೀರರ ಬಗ್ಗೆ, ಭೂಮಿಯ ಹೊಟ್ಟೆಯಿಂದ ಬೆಳಕು ತರುವವರ ಬಗ್ಗೆ ಮಾತಾಡಿದ. ಅವನ ಹಿಂದೆ ಬುರ್ತಾಸೋವ್, ಪಕ್ಕದಲ್ಲಿ ಪ್ರಾಂತದ ರಾಜಧಾನಿಯಿಂದ ಬಂದ ಇಬ್ಬರು ಅತಿಥಿಗಳು. ಆಮೇಲೆ ಹೆಸರು ಕರೆದರು. ತೈಸಿಯಾ ನೀಲಿ ಉಡುಪು ತೊಟ್ಟು, ಮಂಡಿನೋವಿಗೆ ಒಂದೊಂದೇ ಮೆಟ್ಟಿಲು ಹತ್ತಿ ಹೋದಳು. ನಿರ್ದೇಶಕ ಕೆನ್ನೆಗೆ ಮುತ್ತಿಟ್ಟು ಕೆಟಲಿಯ ಡಬ್ಬ ಕೊಟ್ಟ. “ನಮ್ಮೆಲ್ಲರ ತಾಯಿ!” ಎಂದ.

ಅವಳು ಡಬ್ಬ ಕೆಳಗಿಟ್ಟು, ತಾನು ಕೊನೆಗೆ ಹೊಲಿದಿದ್ದ ಕುಲಾವಿಯನ್ನು ಕೈಚೀಲದಿಂದ ತೆಗೆದಳು. ಅದನ್ನು ನಿರ್ದೇಶಕನ ಕೈಗೆ ಕೊಟ್ಟು ಇಳಿದುಬಿಡಬೇಕೆಂದೇ ಅವಳು ಹೊರಟದ್ದು. ಆದರೆ ಎದುರಿಗೆ ಮೈಕಿತ್ತು. ಅದರ ತಲೆ ಹೆಚ್ಚುಕಡಿಮೆ ಅದೇ ಅಳತೆ. ಕೈಗೆ ಅಭ್ಯಾಸವಾದ ಕೆಲಸ, ಕೈಯೇ ಮಾಡಿತು. ಕುಲಾವಿ ತೊಡಿಸಿ, ದಾರ ಎಳೆದು, ಎರಡು ಸುತ್ತು ಸುತ್ತಿ ಗಂಟು ಹಾಕಿದಳು.

“ಮಾತಾಡಿ ಈಗ, ಗೆರ್ಮಾನ್ ಲ್ವೋವಿಚ್.”

ನಿರ್ದೇಶಕ ನಕ್ಕ. ಮೈಕಿಗೆ ಬಾಗಿ ಏನೋ ಹೇಳಿದ. ಗವಿಯೊಳಗೆ ಯಾರೋ ಗೊಣಗಿದ ಹಾಗೆ ಕೇಳಿಸಿತು.

ತೈಸಿಯಾ ಸಭೆಯ ಕಡೆ ತಿರುಗಿದಳು. ದೀಪದ ಕೋಣೆಯ ಗದ್ದಲದಲ್ಲಿ ಹೆಸರು ಕೂಗಿ ಕೂಗಿ ಪಳಗಿದ ಗಂಟಲು, ಮೈಕು ಬೇಕಿರಲಿಲ್ಲ.

“ಕೇಳಿಸ್ತಾ? ಇಲ್ಲ ಅಲ್ವಾ? ಕೆಳಗೂ ಹೀಗೇ. ಅನಿಲ ಇದೆ, ಪೆಟ್ಟಿಗೆ ಕೂಗುತ್ತೆ, ಕೂಗು ಹೊರಗೆ ಬರಲ್ಲ. ಇದನ್ನ ಹೊಲಿದವಳು ನಾನು. ಎಷ್ಟು ಹೊಲಿದೆ ಅಂತ ನಿಮಗೆಲ್ಲ ಗೊತ್ತು, ನಿಮ್ಮ ಮನೆಗಳಲ್ಲೇ ಇವೆ. ಹೊಲಿಗೆ ನಂದು, ನಾನು ಇಲ್ಲ ಅನ್ನಲ್ಲ. ಬಟ್ಟೆ ಇವರದು!” ಬೆರಳು ಬುರ್ತಾಸೋವನ ಕಡೆ ಹೋಯಿತು. “ಗಾಳಿಯಂತ್ರಕ್ಕೆ ದುಡ್ಡಿಲ್ಲ, ಇದಕ್ಕೆ ಬಟ್ಟೆ ಇದೆ. ಗಂಡ ಸತ್ತಾಗ ಅಜಾಗರೂಕತೆ ಅಂತ ಬರೆದ್ರು, ನಾನು ಬಾಯಿ ಮುಚ್ಕೊಂಡು ಕಂಬಳಿ ತಗೊಂಡೆ. ಮಗನಿಗೂ ಅದನ್ನೇ ಬರೀಬೇಕು ಅಂತಿದ್ರೆ ಈಗಲೇ ಬರೀರಿ, ಅವನು ಬದುಕಿರೋವಾಗ ಬರೀರಿ! ಎದುರಿಗೆ ಕೂತಿದ್ದಾನೆ, ಉತ್ತರ ಕೊಡ್ತಾನೆ!”

“ಅಜ್ಜಿಗೆ ಸೆಕೆ ಹತ್ತಿದೆ, ನೀರು ಕೊಡಿ,” ಎಂದ ನಿರ್ದೇಶಕ. ಅವನು ಗಂಟು ಬಿಚ್ಚಲು ನೋಡಿದ, ಬರಲಿಲ್ಲ. ಪ್ರಾಂತದಿಂದ ಬಂದ ಅತಿಥಿಗಳಲ್ಲೊಬ್ಬ ಎದ್ದು ಬಂದು, ಕುಲಾವಿಯನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ, ಬುರ್ತಾಸೋವನ ಮುಖ ನೋಡಿದ. ಅಷ್ಟು ಜನ ನೋಡಿದ್ದನ್ನು ಆ ಅತಿಥಿ ತಾನು ನೋಡಿಲ್ಲ ಎನ್ನುವಂತಿರಲಿಲ್ಲ.

*

ತನಿಖೆ ನಡೆಯಿತು. ವಾರವಿಡೀ ಗಣಿಗೆ ಕಾರುಗಳು ಬಂದವು. ಕುಲಾವಿಗಳನ್ನೆಲ್ಲ ಒಟ್ಟು ಮಾಡಿ ಮೂಟೆ ಕಟ್ಟಿ ಒಯ್ದರು. ಪೆಟ್ಟಿಗೆಗಳ ಮೇಲೆ ಬೀಗ ಹಾಕಿದ ಕಬ್ಬಿಣದ ಬೋನು ಕೂರಿಸಿದರು. ಬೀಗದ ಕೈ ಪ್ರಾಂತದವರ ಕೈಯಲ್ಲಿ. ಅಷ್ಟಾಯಿತು. ಮಿಕ್ಕದ್ದು ಹೇಗಾಗಬೇಕೋ ಹಾಗೇ ಆಯಿತು. ಎಲೆಕ್ಟ್ರಿಷಿಯನ್ ರೊದಿಯೋನ್ ತಪ್ಪಿತಸ್ಥ, ಕೆಲಸದಿಂದ ವಜಾ. ಬುರ್ತಾಸೋವನನ್ನು ವಿಭಾಗದಿಂದ ತೆಗೆದು ಸುರಕ್ಷತೆಯ ಕಚೇರಿಗೆ ಹಾಕಿದರು. ಅಲ್ಲಿ ಕುರ್ಚಿ ಮೆತ್ತಗಿತ್ತಂತೆ. ಹೊಸ ಗಾಳಿಯಂತ್ರ ಮುಂದಿನ ವರ್ಷ.

“ಸುರಕ್ಷತೆಯ ಕಚೇರಿಗೆ!” ತೈಸಿಯಾ ಕೇಳಿದವಳೇ ಹಿಟ್ಟು ನಾದುತ್ತಿದ್ದ ಮುಷ್ಟಿಯನ್ನು ಮೇಜಿಗೆ ಗುದ್ದಿದಳು. “ನರಿಗೆ ಕೋಳಿಗೂಡಿನ ಬೀಗದ ಕೈ!”

“ನಿಮಗೆ ತೃಪ್ತಿ ಆಯ್ತಲ್ಲ?” ಲೀಲ್ಯಾ ಬಟ್ಟೆ ಮಡಿಸುತ್ತಿದ್ದಳು. ಉಲ್ಯಾಳ ಬಟ್ಟೆ, ತನ್ನ ಬಟ್ಟೆ. “ಗಂಡನ ಸೇಡು ತೀರ್ತು. ಮೊಮ್ಮಗಳ ಉಸಿರು ಮಣ್ಣುಪಾಲು. ಆ ಮನೆ ಬೇರೆಯವರು ತಗೊಂಡ್ರು, ಅಕ್ಕ ಫೋನು ಮಾಡಿದ್ಲು.”

“ಹಂಗಾದ್ರೆ ಎಲ್ಲಿಗೆ ಹೊರಟೆ?”

“ಅಕ್ಕನ ಮನೆಗೆ. ಹಜಾರದಲ್ಲಿ ಒಂದು ಮಂಚ ಇದೆ. ಇಬ್ಬರೂ ಅದರಲ್ಲೇ ಮಲಗ್ತೀವಿ. ಹಿಮ ಬೀಳೋ ಮುಂಚೆ ಹೋಗ್ಬೇಕು.”

“ರೊದ್ಯಾ?”

“ನಿಮ್ಮ ಮಗ ನಿಮಗಿರಲಿ.”

ರೊದಿಯೋನ್ ಊರಿಗೆ ಬಿಸಿನೀರು ಕಳಿಸುವ ಕುಲುಮೆಮನೆಯಲ್ಲಿ ಕೆಲಸ ಹಿಡಿದಿದ್ದ. ತಾನು ಇಳಿಯುತ್ತಿದ್ದ ಗಣಿಯ ಕಲ್ಲಿದ್ದಲನ್ನು ಈಗ ಸಲಿಕೆಯಲ್ಲಿ ಎತ್ತಿ ಬೆಂಕಿಗೆ ಹಾಕುತ್ತಿದ್ದ. ಸಂಬಳ ಹಿಂದಿನದರ ಮೂರರಲ್ಲೊಂದು ಪಾಲೂ ಇಲ್ಲ. ತಾಯಿಯ ಜೊತೆ ಮಾತಿಲ್ಲ. ತಟ್ಟೆ ಮುಂದೆ ತಳ್ಳಿದರೆ ಬಡಿಸಬೇಕು, ಹಿಂದೆ ತಳ್ಳಿದರೆ ತೆಗೆಯಬೇಕು.

ರೈಲು ನಿಲ್ದಾಣಕ್ಕೆ ಎಲ್ಲರೂ ಹೋದರು. ಉಲ್ಯಾ ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಅಪ್ಪನಿಗೆ ಕೈ ಬೀಸಿದಳು. ಲೀಲ್ಯಾ ಬಾಗಿಲಲ್ಲಿ ನಿಂತಿದ್ದಳು. ತೈಸಿಯಾ ಕಾಡುಹಣ್ಣಿನ ಜಾಮಿನ ಬಾಟಲಿ ಮೇಲೆತ್ತಿ ಕೊಟ್ಟಳು.

“ನಾನು ನಿಮ್ಮನ್ನ ಕ್ಷಮಿಸಿಲ್ಲ ಅತ್ತೆ.”

“ಬೇಡ. ಅದನ್ನ ನೆಟ್ಟಗೆ ಹಿಡ್ಕೋ, ಮುಚ್ಚಳ ಸಡಿಲ ಇದೆ.”

ಲೀಲ್ಯಾ ಬಾಟಲಿಯನ್ನು ನೆಟ್ಟಗೇ ಹಿಡಿದಳು. ರೈಲು ಹೊರಟಿತು. ಪಕ್ಕದ ಹಳಿಯಲ್ಲಿ ಕಲ್ಲಿದ್ದಲು ತುಂಬಿದ ಡಬ್ಬಿಗಳು ಕಣ್ಣು ಹಾಯುವವರೆಗೂ ನಿಂತಿದ್ದವು. ವಾಪಸು ಬರುವಾಗ ತಾಯಿ ಮಗ ರಸ್ತೆಯ ಆ ಬದಿ ಒಬ್ಬರು, ಈ ಬದಿ ಒಬ್ಬರು.

ಅಕ್ಟೋಬರ್ ಬಂತು, ಮೊದಲ ಹಿಮ ಬಿತ್ತು. ತೈಸಿಯಾ ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು. ಆಗಸ್ಟಿನಿಂದ ಈಚೆಗೆ ಅವಳು ಬಂದರೆ ಸಾಲಿನ ಮಾತು ನಿಲ್ಲುತ್ತಿತ್ತು. ಮುಂದೆ ನಿಂತವರು ಒಂದು ಹೆಜ್ಜೆ ಮುಂದೆ, ಹಿಂದೆ ನಿಂತವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಆವತ್ತು ಕಪಿತೋಲಿನಾ ಬಂದಳು. ಬಂದವಳೇ ಸಾಲು ದಾಟಿ, ಅವಳ ಮುಖಕ್ಕೆ ಮುಖ ಕೊಟ್ಟು ನಿಂತಳು.

“ನಿನಗೆ ಸಂತೋಷ ಆಗ್ಲಿ ಅಂತ ಹೇಳ್ತೀನಿ ಕೇಳು. ನೆನ್ನೆ ಪಾಳೀಲಿ ಆ ಪೆಟ್ಟಿಗೆ ಬಾಯಿ ಬಡ್ಕೊಂಡಿದ್ದೇ ಬಡ್ಕೊಂಡಿದ್ದು. ಯಂತ್ರ ಓಡಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ಮಧ್ಯಾಹ್ನಕ್ಕೆ ಅನಿಲ ಎಷ್ಟು ಏರ್ತು ಅಂದ್ರೆ ಎಲ್ಲರನ್ನೂ ಮೇಲಕ್ಕೆ ಅಟ್ಟಿದ್ರು. ಗಾಳಿ ಬಿಡ್ತಾನೇ ಇದ್ದಾರೆ, ಇನ್ನೂ ಯಾರನ್ನೂ ಕೆಳಗೆ ಇಳಿಸಿಲ್ಲ. ಈ ತಿಂಗಳು ಕೈಗೆ ಬಿಡಿಗಾಸೂ ಬರಲ್ಲ. ಮಗಳ ಮದುವೆ ಹೊಸ ವರ್ಷದಾಚೆಗೆ ಹೋಯ್ತು. ಮಾಟಗಾತಿ!”

ತೈಸಿಯಾ ಅಷ್ಟೂ ಕೇಳಿಸಿಕೊಂಡಳು.

“ಎಲ್ಲರನ್ನೂ ಮೇಲಕ್ಕೆ ಅಟ್ಟಿದ್ರಾ?”

“ಅಟ್ಟಿದ್ರು ಅಂದೆನಲ್ಲ!”

“ತಿಖೋನನೂ ಬಂದನಾ?”

“ಬರ್ದೆ ಏನು? ಬೆಳಿಗ್ಗೆಯಿಂದ ಅಡುಗೆಮನೇಲಿ ಕೂತಿದ್ದಾನೆ. ನಿನಗೆ, ನಿನ್ನ ಮಗನಿಗೆ, ನಿನ್ನ ಹೊಲಿಗೆಯಂತ್ರಕ್ಕೆ ಬೈತಿದ್ದಾನೆ. ಮೂರು ತಟ್ಟೆ ಸೂಪು ಕುಡಿದ. ಬೈಗುಳ ಇನ್ನೂ ಮುಗಿದಿಲ್ಲ.”

“ಬೈಲಿ,” ಎಂದಳು ತೈಸಿಯಾ. “ಇನ್ನೊಂದು ತಟ್ಟೆ ಹಾಕು ಅವನಿಗೆ.”

ಅಂಗಡಿಯವಳು ಒಳಗಿನಿಂದ ಮುಂದಿನವರು ಬನ್ನಿ ಎಂದು ಕೂಗಿದಳು. ಮುಂದಿನವಳು ತೈಸಿಯಾ. ಕಪ್ಪು ರೊಟ್ಟಿ ಒಂದು ಸಾಕು, ಮನೆಯಲ್ಲಿ ಈಗ ಇಬ್ಬರೇ ಎಂದಳು.